ಮೂರು ದಿನ ಫ್ರೀ ಅಂದ ವಿಡಿಯೊ ಪ್ಲೇಯರ್‌ಗೆ 897 ರೂಪಾಯಿ ಕೊಟ್ಟೆ, ನೀವು ಕೊಡಬೇಡಿ

ಹೇಳಿಕೊಳ್ಳಲು ನಾಚಿಕೆ ಆಗುತ್ತಿದೆ. ಹಾವೇರಿಯಲ್ಲಿ ನನ್ನದು ಝೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿ ತುಂಬಿಸಲು ಬಂದವರಿಗೆಲ್ಲ "ನೋಡಿ ಪಿನ್ ಹೊಡೀರಿ" ಅಂತ ಬುದ್ಧಿ ಹೇಳೋನು ನಾನೇ. ಅಂಥವನೇ ಬಿದ್ದೆ.

ಅಕ್ಕನ ಕುಬಸದ ವಿಡಿಯೊ ಪೆನ್‌ಡ್ರೈವ್‌ನಲ್ಲಿ ಸಿಕ್ಕಿತು. ಹಳೇ ಹ್ಯಾಂಡಿಕ್ಯಾಮ್‌ನಲ್ಲಿ ತೆಗೆದದ್ದು, ಎಂಟಿಎಸ್ ಫೈಲು. ಮೊಬೈಲಿಗೆ ಹಾಕಿದೆ. ಚಿತ್ರ ಬಂತು, ದನಿ ಇಲ್ಲ. "ನಿಮ್ಮಜ್ಜಿ ಹಾಡಾಕತ್ತಾಳ, ಬರೇ ಬಾಯಿ ಅಳ್ಳಾಡಾಕತ್ತೈತಲ್ಲೋ" ಅಂದಳು ಅವ್ವ. ಅಜ್ಜಿ ಈಗಿಲ್ಲ. ಆ ಸೋಬಾನ ಪದ ಬೇರೆಲ್ಲೂ ರೆಕಾರ್ಡ್ ಆಗಿಲ್ಲ. ಅದಕ್ಕೇ ಅವಸರ ಮಾಡಿದೆ.

ಪ್ಲೇ ಸ್ಟೋರ್‌ನಲ್ಲಿ ಹುಡುಕಿದೆ. ಮೊದಲು ಕಂಡದ್ದು ಜಾಹೀರಾತಿನ ಆ್ಯಪ್. 'ಎಲ್ಲಾ ಫಾರ್ಮ್ಯಾಟ್ ಓಡುತ್ತೆ' ಅಂತ ಬರೆದಿತ್ತು. ಹಾಕಿಕೊಂಡೆ. ಫೈಲ್ ತೆರೆದ ಕೂಡಲೇ ದೊಡ್ಡ ಹಸಿರು ಬಟನ್: 'ದನಿಗೆ ಪ್ರೋ ಬೇಕು, 3 ದಿನ ಉಚಿತ'. ಕೆಳಗೆ ಬೂದು ಬಣ್ಣದಲ್ಲಿ ಇರುವೆ ಸಾಲಿನಂಥ ಅಕ್ಷರ. ಓದಲಿಲ್ಲ. ಉಚಿತ ಅಂದಮೇಲೆ ಯುಪಿಐ ಪಿನ್ ಯಾಕೆ ಕೇಳುತ್ತೆ? ಅಷ್ಟೂ ಹೊಳೆಯಲಿಲ್ಲ ನೋಡಿ. ಹೊಡೆದೆ.

ಪ್ರೋ ಆದಮೇಲೂ ದನಿ ಬರಲಿಲ್ಲ! ಸಿಟ್ಟಿನಲ್ಲಿ ಆ್ಯಪ್ ತೆಗೆದು ಹಾಕಿದೆ. ಮುಗಿಯಿತು ಅಂದುಕೊಂಡೆ.

ಎಲ್ಲಿ ಮುಗಿಯುತ್ತೆ? ಅದು ವಾರದ ಚಂದಾ. ವಾರಕ್ಕೆ 299. 'ನಾಳೆ ಹಣ ಕಡಿತವಾಗುತ್ತೆ' ಅಂತ ಮುಂಚೆಯೇ ಮೆಸೇಜ್ ಬಂದಿತ್ತಂತೆ, ಸಾಲ ಕೊಡ್ತೀವಿ ಅನ್ನೋ ಮೆಸೇಜ್‌ಗಳ ನಡುವೆ ನಾನು ನೋಡಿರಲಿಲ್ಲ. ಮೂರು ಸಲ ಹೋದಮೇಲೆ ಪಾಸ್‌ಬುಕ್ ನೋಡಿ ಎದೆ ಧಸಕ್ಕೆಂದಿತು. ಮೂರು ಸಲ!

ಮೇಲ್ ಮಾಡಿದೆ. "ಆತ್ಮೀಯ ಬಳಕೆದಾರರೇ, ನಮ್ಮನ್ನು ಆಯ್ಕೆ ಮಾಡಿದ್ದಕ್ಕೆ ಧನ್ಯವಾದ." ಧನ್ಯವಾದ ಯಾರಿಗೆ ಬೇಕಿತ್ತು? ಮತ್ತೆ ಬರೆದೆ. "ಆ್ಯಪ್ ತೆಗೆದರೆ ಚಂದಾ ರದ್ದಾಗುವುದಿಲ್ಲ, ನೀವು ಷರತ್ತು ಒಪ್ಪಿದ್ದೀರಿ." ದನಿಯೇ ಬರಲಿಲ್ಲವಲ್ಲ ಸ್ವಾಮಿ ಅಂದರೆ, "ನಿಮ್ಮ ಅನುಭವಕ್ಕೆ 5 ಸ್ಟಾರ್ ಕೊಡಿ" ಅಂತ ಲಿಂಕ್ ಕಳಿಸಿದರು. ಉರಿದುಹೋಯಿತು. ಪ್ಲೇ ಸ್ಟೋರ್‌ನಲ್ಲಿ ಕೇಳೋಣ ಅಂದರೆ, ಅಲ್ಲಿ ರಿಫಂಡ್ ಕೇಳಲು ಸಾಮಾನ್ಯವಾಗಿ 48 ಗಂಟೆ ಅಷ್ಟೇ.

ಯಾರಾದರೂ ಇದರಲ್ಲಿ ಸಿಕ್ಕಿಕೊಂಡಿದ್ದರೆ ಈಗಲೇ ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಫೋಟೊ ಒತ್ತಿ, ಪೇಮೆಂಟ್ಸ್ ಮತ್ತು ಸಬ್‌ಸ್ಕ್ರಿಪ್ಷನ್‌ಗೆ ಹೋಗಿ ರದ್ದು ಮಾಡಿ. ಯುಪಿಐ ಆ್ಯಪ್‌ನಲ್ಲಿ ತಾನಾಗೇ ಹಣ ಕಡಿತವಾಗೋ ಆಟೊಪೇ ಪಟ್ಟಿಯನ್ನೂ ನೋಡಿ. ಬರೀ ಆ್ಯಪ್ ತೆಗೆದರೆ ಏನೂ ಆಗಲ್ಲ, ಏನೂ.

ಕೊನೆಗೆ ನೋಟ್ಸ್ ಝೆರಾಕ್ಸ್‌ಗೆ ಬಂದ ಪಿಯುಸಿ ಹುಡುಗನೊಬ್ಬ ವಿಎಲ್‌ಸಿ ಅನ್ನೋ ವಿಡಿಯೊ ಪ್ಲೇಯರ್ ಹಾಕಿಕೊಟ್ಟ. ರಸ್ತೆ ಮೇಲೆ ಇಡುತ್ತಾರಲ್ಲ, ಆ ಕಿತ್ತಳೆ ಕೋನ್ ಇರೋದು. ಪೂರ್ತಿ ಫ್ರೀ, ಜಾಹೀರಾತೂ ಇಲ್ಲ. 1996ರಲ್ಲಿ ಪ್ಯಾರಿಸ್‌ನ ಕಾಲೇಜು ಹುಡುಗರು ಶುರು ಮಾಡಿದ್ದಂತೆ. ಹಳೇ ಕ್ಯಾಮೆರಾಗಳ ದನಿ ಎಸಿ3 ಅನ್ನೋ ಡಾಲ್ಬಿ ಫಾರ್ಮ್ಯಾಟ್, ಅದಕ್ಕೆ ಲೈಸೆನ್ಸ್ ಬೇಕಾಗುತ್ತಿದ್ದ ಕಾಲದಲ್ಲಿ ಕೆಲವು ಪ್ಲೇಯರ್‌ಗಳು ಅದನ್ನು ಬಿಟ್ಟುಬಿಟ್ಟವು ಅಂತ ಅವನೇ ವಿವರಿಸಿದ. ನಾನು ತಲೆಯಾಡಿಸುತ್ತ ನಿಂತಿದ್ದೆ.

ಅಜ್ಜಿಯ ದನಿ ಬಂತು. "ಅಣ್ಣಾ, ನೀವೂ ಮೋಸ ಹೋದ್ರಾ?" ಅಂದ ಹುಡುಗ. ಅವನ ಝೆರಾಕ್ಸ್ ದುಡ್ಡು ಬೇಡ ಅಂದೆ.