ಹಿತ್ತಿಲಲ್ಲಿ ಸ್ವಿಮ್ಮಿಂಗ್ ಪೂಲ್ ಕಟ್ಟಿಸುವವರೇ, ಜೆಸಿಬಿ ಒಳಗೆ ಬಿಡುವ ಮುಂಚೆ ಇದನ್ನು ಓದಿ

ನಮ್ಮ ಪೂಲ್ ಕಟ್ಟಲು ಬಂದ ಕಂಟ್ರಾಕ್ಟರ್‌ನ ಹೆಸರು ಹಾಕುವುದಿಲ್ಲ. ವಕೀಲರು ಬೇಡ ಅಂದಿದ್ದಾರೆ. ಆದರೆ ಕೊಡಗಿನಲ್ಲಿ ಹೋಂಸ್ಟೇ ನಡೆಸುವವರು, ಹಿತ್ತಿಲಲ್ಲಿ ಪೂಲ್ ಮಾಡಿಸೋಣ ಅಂದುಕೊಂಡವರು ದಯವಿಟ್ಟು ಪೂರ್ತಿ ಓದಿ. ಕೋಪದಲ್ಲಿ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆಗಬಹುದು.

ನಮ್ಮದು ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಮನೆಗೆ ಅಂಟಿಕೊಂಡು ಮೂರು ರೂಮಿನ ಹೋಂಸ್ಟೇ. ಈಗ ಬೆಂಗಳೂರಿನಿಂದ ಫೋನ್ ಮಾಡುವವರ ಮೊದಲ ಪ್ರಶ್ನೆಯೇ ಪೂಲ್ ಇದೆಯಾ ಅಂತ. ತೋಟ, ಪಂದಿ ಕರಿ ಎಲ್ಲ ಆಮೇಲೆ. ಸರಿ, ಮಾಡಿಸೋಣ ಅಂದುಕೊಂಡೆವು. 24 ಅಡಿ ಉದ್ದ, 12 ಅಡಿ ಅಗಲ, 4 ಅಡಿ ನೀರು. ಅಂದರೆ ಸುಮಾರು 32 ಸಾವಿರ ಲೀಟರ್. ಒಂಬತ್ತೂವರೆ ಲಕ್ಷಕ್ಕೆ ಮಾತಾಯಿತು. ಹೂ ಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆಗೆ, ಮುಂಚೆ ಕಾಂಕ್ರೀಟ್, ಏಪ್ರಿಲ್ ರಜೆಗೆ ನೀರು. ಇದನ್ನು ಅವನೇ ಕೈಯಾರೆ ಬರೆದುಕೊಟ್ಟ. ಅವನು ಮಾಡಿದ ಎರಡು ಪೂಲ್‌ಗಳನ್ನು ನೋಡಿಯೂ ಬಂದೆವು. ಎರಡೂ ಚೆನ್ನಾಗಿಯೇ ಇದ್ದವು. ಒಂದನ್ನು ಕಟ್ಟಿದ್ದು ಬೇರೆಯವರು ಅಂತ ಆಮೇಲೆ ಗೊತ್ತಾಯಿತು, ಅದಿರಲಿ.

ಅಡ್ವಾನ್ಸ್ ಕೊಟ್ಟ ಮರುದಿನ ಬೆಳಿಗ್ಗೆಯೇ ಜೆಸಿಬಿ ಬಂತು. ಅಷ್ಟು ಬೇಗ ಏನಾದರೂ ಬಂದಿದ್ದು ಅದೊಂದೇ. ಸಂಜೆಗೆ ಹಿತ್ತಿಲಲ್ಲಿ ದೊಡ್ಡ ಗುಂಡಿ. ಮಣ್ಣೆಲ್ಲ ನಿಂಬೆ ಗಿಡದ ಬುಡಕ್ಕೆ. ಆಮೇಲೆ ಆಸಾಮಿ ನಾಪತ್ತೆ.

ಇದೇ ಅವನ ಉಪಾಯ ಅಂತ ನನಗೆ ಈಗ ಗ್ಯಾರಂಟಿ. ಗುಂಡಿ ತೋಡಿದ ಮೇಲೆ ನೀವು ಅವನ ಕೈಯಲ್ಲಿ. ನಮ್ಮ ಹಿತ್ತಿಲು ಇಳಿಜಾರು, ಗುಂಡಿಯ ಮೇಲ್ಗಡೆಯೇ ಅಡುಗೆ ಮನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಇಳಿದಿದ್ದನ್ನು ನೋಡಿದವರು ನಾವು. ಬರೆ, ಅಂದರೆ ಇಳಿಜಾರಿನ ಮಣ್ಣಿನ ದಿಬ್ಬ, ಅಗೆದು ಮಳೆಗೆ ಬಿಟ್ಟರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನಿಗೂ ಗೊತ್ತು. ಬೇರೆ ಮೇಸ್ತ್ರಿಯನ್ನು ಕರೆದರೆ "ಇನ್ನೊಬ್ಬ ತೋಡಿದ ಗುಂಡಿ, ನಾನು ಕೈ ಹಾಕಲ್ಲ" ಅನ್ನುತ್ತಾರೆ. ಜೂನ್ ಹತ್ತಿರ ಬಂದ ಹಾಗೆ ಹೆದರಿಕೆ ಜಾಸ್ತಿ. ಹೆದರಿಕೆ ಜಾಸ್ತಿ ಆದ ಹಾಗೆ ಅವನು ಕೇಳಿದಾಗ ಕೇಳಿದಷ್ಟು ಕೊಡುತ್ತೀರಿ. ಕೊಟ್ಟೆವು.

ಫೋನ್ ಮಾಡಿದರೆ ಅವನ ಉತ್ತರ ಕೇಳಬೇಕು. ಒಂದು ಸಲವೂ ಆಗಲ್ಲ ಅಂದವನಲ್ಲ. "ನಾಳೆ ಹುಡುಗರು ಬರ್ತಾರೆ ಅಕ್ಕ." ನಾಳೆ ಫೋನ್ ಮಾಡಿದರೆ, "ಹುಡುಗರು ಅಸ್ಸಾಮಿಗೆ ಹೋಗಿಬಿಟ್ಟಿದ್ದಾರೆ ಅಕ್ಕ." ಹೋದವರು ಬಂದರೆ ಕಬ್ಬಿಣ ಇಲ್ಲ. ಕಬ್ಬಿಣ ಬಂದರೆ ಜೆಲ್ಲಿ ಇಲ್ಲ. ನಮ್ಮ ಮಾವ ಒಂದು ದಿನ ಸಿಟ್ಟಿನಿಂದ ಫೋನ್ ಕಿತ್ತುಕೊಂಡು ಬೈದರು. ಅದಕ್ಕೆ ಅವನು, "ಅಪ್ಪಾಜಿ, ನಿಮ್ಮ ಆಶೀರ್ವಾದ ಇದ್ದರೆ ಸಾಕು" ಅಂದ! ಇಂಥವನನ್ನು ಏನಂತ ಬೈಯುವುದು?

ಏಪ್ರಿಲ್ ಕೊನೆಗೆ ಬಂದು ಕಂಬಿ ಕಟ್ಟಿದ. ಎರಡನೇ ಕಂತು ತೆಗೆದುಕೊಂಡ. ಮೇ ತಿಂಗಳಲ್ಲಿ ತಳಕ್ಕೆ ಕಾಂಕ್ರೀಟ್ ಹಾಕಿ ಹೋದವನು, ಗೋಡೆ ಹಾಕಲು ಬಂದಿದ್ದು ಎಷ್ಟೋ ದಿನ ಬಿಟ್ಟು. ತಳ ಮತ್ತು ಗೋಡೆ ಸೇರುವ ಸಂದಿನಲ್ಲಿ ನೀರು ತಡೆಯುವ ಪಟ್ಟಿ, ಇವರು ವಾಟರ್ ಬಾರ್ ಅನ್ನುತ್ತಾರಲ್ಲ, ಅದನ್ನು ಇಡಬೇಕಂತೆ. ಇಡಲಿಲ್ಲ. ಕಾಂಕ್ರೀಟಿಗೆ ಕಡಿಮೆ ಅಂದರೆ 7 ದಿನ ನೀರುಣಿಸಬೇಕು, ಈಗ ಎಲ್ಲರೂ ಬಳಸುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ 10 ದಿನ. ಯಾರು ಉಣಿಸಿದ್ದು? ನಾನು ಮತ್ತು ತೋಟದ ಕೆಲಸದವರು, ಪೈಪ್ ಹಿಡಿದುಕೊಂಡು. ಅವನ ಒಬ್ಬ ಹುಡುಗನೂ ಇರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬರೆಯುವುದಕ್ಕೂ ನಾಚಿಕೆ ಆಗುತ್ತದೆ.

ಗೋಡೆ ಎದ್ದ ಮೇಲೆ ಪಂಪು ಮತ್ತು ಮರಳು ಫಿಲ್ಟರ್‌ಗೆ ಅಂತ ಬೇರೆಯೇ ದುಡ್ಡು ಕೇಳಿದ. "ಮೈಸೂರಲ್ಲಿ ಬುಕ್ ಮಾಡಿದ್ದೀನಿ, ಪೂರ್ತಿ ಕೊಟ್ಟರೆ ಇವತ್ತೇ ಲೋಡ್." ಕಳಿಸಿದೆವು. ಅದೂ ಸೇರಿ ಏಳು ಲಕ್ಷ ದಾಟಿತು. ಮಧ್ಯಾಹ್ನ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಪಿಕಪ್ ಗಾಡಿಯಲ್ಲಿ ನೀಲಿ ಫಿಲ್ಟರ್ ಟ್ಯಾಂಕ್, ಪಕ್ಕದಲ್ಲಿ ಪಂಪು, ಹರಿದ ಟಾರ್ಪಾಲ್. ಕೆಳಗೆ "ಅಕ್ಕ ನಿಮ್ಮ ಮಾಲು ಹೋರಟಿದೆ." ಹೊರಟಿದೆ ಅಲ್ಲ, ಹೋರಟಿದೆ. ನಾನು ಆ ಫೋಟೋವನ್ನು ನೆಂಟರ ಗ್ರೂಪಿಗೆಲ್ಲ ಹಾಕಿದೆ. ಸಂಜೆ ಕೇಳಿದರೆ ಹುಣಸೂರು ದಾಟಿದೆ. ರಾತ್ರಿ ಕೇಳಿದರೆ ತಿತಿಮತಿ ಹತ್ತಿರ ಆನೆ ನಿಂತಿದೆ, ಗಾಡಿ ಬಿಡ್ತಿಲ್ಲ. ಆನೆ ಅಂದರೆ ನಮ್ಮ ಕಡೆ ಯಾರು ಅನುಮಾನ ಪಡುತ್ತಾರೆ? ಮರುದಿನ ಗಾಡಿ ಆಕ್ಸಲ್ ಕಟ್. ಅದರ ಮರುದಿನ ಫೋನೇ ಇಲ್ಲ.

ಅದೇ ವಾರ ಗೋಣಿಕೊಪ್ಪದಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ನಾಪೋಕ್ಲು ಕಡೆಯ ಪರಿಚಯದವರೊಬ್ಬರು ಸಿಕ್ಕರು. ಅವರದೂ ಹೋಂಸ್ಟೇ. ಪೂಲ್ ಎಲ್ಲಿಗೆ ಬಂತು ಅಂತ ಕೇಳಿದರು. ನಾನು ಹೆಮ್ಮೆಯಿಂದ ಫೋಟೋ ತೋರಿಸಿದೆ. ಅವರು ಏನೂ ಮಾತಾಡಲಿಲ್ಲ. ತಟ್ಟೆ ಪಕ್ಕಕ್ಕಿಟ್ಟು ತಮ್ಮ ಫೋನ್ ತೆಗೆದು ಹುಡುಕಿ ನನ್ನ ಮುಂದೆ ಹಿಡಿದರು. ಅದೇ ಪಿಕಪ್. ಅದೇ ನೀಲಿ ಟ್ಯಾಂಕ್. ಅದೇ ಹರಿದ ಟಾರ್ಪಾಲ್. ಹಿಂದಿನ ವರ್ಷದ ಮೆಸೇಜ್. ಕೆಳಗೆ "ಅಕ್ಕ ನಿಮ್ಮ ಮಾಲು ಹೋರಟಿದೆ." ತಪ್ಪು ಕೂಡ ತಿದ್ದಿಲ್ಲ!

ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ. ಊಟ ಇಳಿಯಲಿಲ್ಲ.

ಎರಡೂ ಫೋಟೋ ಒಟ್ಟಿಗೆ ಅವನಿಗೆ ಕಳಿಸಿದೆ. ಓದಿದ. ತುಂಬಾ ಹೊತ್ತಿನ ಮೇಲೆ ವಾಯ್ಸ್ ಮೆಸೇಜ್: "ಅಕ್ಕ, ಅದು ಸ್ಯಾಂಪಲ್ ಫೋಟೋ. ನಿಮಗೆ ಐಡಿಯಾ ಬರ್ಲಿ ಅಂತ ಹಾಕಿದ್ದು." ಐಡಿಯಾ! ಹಾಗಾದರೆ ತಿತಿಮತಿಯಲ್ಲಿ ನಿಂತಿದ್ದು ಸ್ಯಾಂಪಲ್ ಆನೆಯಾ?

ಮೇ ಕೊನೆಗೆ ನಾವೇ ಬಾವಿಯಿಂದ ನೀರು ತುಂಬಿಸಿ ಗೋಡೆಯಲ್ಲಿ ಗುರುತು ಹಾಕಿದೆವು. ಬೆಳಗಾಗುವಷ್ಟರಲ್ಲಿ ಗೇಣುದ್ದ ಇಳಿದಿತ್ತು. ಬಿಸಿಲಿಗೆ ಆರಿದ್ದು ಅಂದ. ಪಕ್ಕದಲ್ಲೇ ಇಟ್ಟಿದ್ದ ಬಕೆಟ್ ನೀರು ಹಾಗೇ ಇದೆಯಲ್ಲ ಅಂದೆ. ಫೋನ್ ಇಟ್ಟ.

ಜೂನ್‌ನಲ್ಲಿ ಮಳೆ ಹಿಡಿಯಿತು. ಆಗ ಅವನಾಗಿಯೇ ಫೋನ್ ಮಾಡಿ, ನೀರು ಪೂರ್ತಿ ಖಾಲಿ ಮಾಡಿಡಿ, ಲೀಕ್ ಹುಡುಕುತ್ತೇನೆ ಅಂದ. ಪುಣ್ಯಕ್ಕೆ ಅವತ್ತೇ ಕುಶಾಲನಗರದಿಂದ ಬೇರೆ ಎಂಜಿನಿಯರ್ ಬಂದಿದ್ದರು. ಮಳೆಗಾಲದಲ್ಲಿ ಮಣ್ಣಿನೊಳಗೆ ನೀರು ಏರಿರುತ್ತದೆ, ಖಾಲಿ ಮಾಡಿದರೆ ತೊಟ್ಟಿ ಕೆಳಗಿನಿಂದ ಒತ್ತಡಕ್ಕೆ ಬಿರಿಯುತ್ತದೆ, ಇಲ್ಲಾ ದೋಣಿಯ ಹಾಗೆ ಮೇಲೆ ಏಳುತ್ತದೆ ಅಂತ ಅವರು ಕೂಗಾಡಿಬಿಟ್ಟರು. ತಳದಲ್ಲಿ ಆ ಒತ್ತಡ ಬಿಡುವ ವಾಲ್ವ್ ಇರಬೇಕಿತ್ತು. ಅದೂ ಇಲ್ಲ. ಅವನನ್ನು ಕೇಳಿದರೆ, "ನಿಮ್ಮ ಮಣ್ಣೇ ಸರಿ ಇಲ್ಲ. ಮಳೆ ನಾನು ತರಿಸಿದ್ನಾ ಅಕ್ಕ?" ಅಂದ. ಅದೇ ಕೊನೆಯ ಮಾತು.

ಠಾಣೆಗೆ ಹೋದೆವು, ಸಿವಿಲ್ ವಿಷಯ ಅಂದರು. ಈಗ ಮಡಿಕೇರಿಯ ಗ್ರಾಹಕರ ಆಯೋಗಕ್ಕೆ ಹಾಕುತ್ತಿದ್ದೇವೆ. ಎರಡು ವರ್ಷದೊಳಗೆ ಹಾಕಬೇಕು. ವಕೀಲರ ಮೊದಲ ಪ್ರಶ್ನೆ, ಪೂಲ್ ಮನೆಗಾ, ಹೋಂಸ್ಟೇಗಾ ಅಂತ. ವ್ಯಾಪಾರಕ್ಕೆ ಅಂತಾದರೆ ಗ್ರಾಹಕರೇ ಅಲ್ಲ ಅಂತ ಎದುರಿನವರು ವಾದ ಮಾಡುತ್ತಾರಂತೆ. ಸ್ವಂತ ದುಡಿಮೆಯ ಹೊಟ್ಟೆಪಾಡು ಅಂತ ತೋರಿಸಬೇಕು. ಸುಮ್ನೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೂ ಇಟ್ಟಿದ್ದೇನೆ.

ಮಾಡಿಸಲೇಬೇಕು ಅಂದರೆ ಕಂಬಿ, ಸಿಮೆಂಟ್, ಪಂಪು ಎಲ್ಲ ನೀವೇ ಅಂಗಡಿಯಲ್ಲಿ ಬಿಲ್ ಹಾಕಿಸಿ ತನ್ನಿ, ಅವನಿಗೆ ಬರೀ ಕೂಲಿ ಕೊಡಿ. ಕಂಬಿ ಅಂಗಳಕ್ಕೆ ಬಂದು ಬೀಳುವ ತನಕ ಜೆಸಿಬಿ ಬೇಡ. ಟೈಲ್ಸ್ ಹಾಕುವ ಮುಂಚೆ ನೀರು ತುಂಬಿಸಿ ನೋಡಿ, ಪಕ್ಕದಲ್ಲಿ ಬಕೆಟ್ ಇಡಿ. ಬಾಯಿ ತುಂಬ ಅಕ್ಕ ಅನ್ನುವವನನ್ನು ಗೇಟಿನಿಂದಲೇ ಕಳಿಸಿ.

ಇಷ್ಟೆಲ್ಲ ಇವತ್ತೇ ಕೂತು ಬರೆಯಲು ಕಾರಣ ಇದೆ. ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ, ಆದರೆ ನಮ್ಮ ಮನೆಯವರದ್ದು ಮರೆತಿದ್ದಾನೆ. ಬೆಳಿಗ್ಗೆ ಅವನ ಸ್ಟೇಟಸ್‌ನಲ್ಲಿ ಹೊಸ ಗುಂಡಿಯ ಫೋಟೋ ಇತ್ತು, "ನ್ಯೂ ಪ್ರಾಜೆಕ್ಟ್ ಸ್ಟಾರ್ಟ್" ಅಂತ. ಹಿಂದೆ ಹಸಿರು ಗೇಟ್, ಪಕ್ಕದಲ್ಲಿ ದೊಡ್ಡ ಬೆಣ್ಣೆಹಣ್ಣಿನ ಮರ, ಹಂಚಿನ ಕೊಟ್ಟಿಗೆ. ಅದು ನಿಮ್ಮ ಹಿತ್ತಿಲಾಗಿದ್ದರೆ ಎರಡನೇ ಕಂತು ಕೊಡಬೇಡಿ. ನೀಲಿ ಟ್ಯಾಂಕಿನ ಫೋಟೋ ನಿಮಗೂ ಬಂದಿದ್ದರೆ ನನಗೆ ಕಳಿಸಿ, ಆಯೋಗದ ಮುಂದೆ ಇಡುತ್ತೇನೆ.