ದೆವ್ವದ ಪಿಚ್ಚರಿಗೆ ಅಂತ ಪ್ರೊಜೆಕ್ಟರ್ ತಗೊಂಡವನ ಮೂರು ವರ್ಷದ ಅನುಭವ

ತಗೊಂಡದ್ದು 2022ರ ದೀಪಾವಳಿ ಆಫರ್‌ನಲ್ಲಿ, 11,500 ರೂಪಾಯಿಗೆ. ಕಂಪನಿ ಹೆಸರು ಬರೆಯಲ್ಲ. ಇದೇ ಡಬ್ಬಕ್ಕೆ ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿ ಹತ್ತಾರು ಜನ ಮಾರುತ್ತಾರೆ, ಒಬ್ಬರನ್ನೇ ಬೈದು ಪ್ರಯೋಜನ ಇಲ್ಲ. ಎರಡು ದಿನ ಬಳಸಿ ಐದು ಸ್ಟಾರ್ ಕೊಟ್ಟವರನ್ನು ನಂಬಿ ನಾನೂ ದುಡ್ಡು ಹಾಕಿದೆ. ಅದಕ್ಕೇ ಈ ವಿಮರ್ಶೆಯನ್ನು ಮೂರು ವರ್ಷ ಕಾದು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಬಳಕೆ ಎಲ್ಲರ ಥರ ಅಲ್ಲ. ಕ್ರಿಕೆಟ್ ನೋಡಲ್ಲ. ಸೀರಿಯಲ್ ಅಮ್ಮನ ಟೀವಿಯಲ್ಲಿ ಓಡುತ್ತೆ. ನಾನು ಚಿತ್ರದುರ್ಗದ ಒಂದು ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡುವವನು. ರಾತ್ರಿ ಹತ್ತಕ್ಕೆ ಶಟರ್ ಎಳೆದು, ಮನೆಗೆ ಬಂದು ಊಟ ಮಾಡಿ, ಹನ್ನೊಂದಕ್ಕೆ ದೆವ್ವದ ಪಿಚ್ಚರ್ ಹಾಕುತ್ತೇನೆ. ಅದೂ ದೊಡ್ಡ ಕಂಪನಿಯವರು ಕೋಟಿಗಟ್ಟಲೆ ಸುರಿದು ಮಾಡಿದ್ದಲ್ಲ. ನಾಲ್ಕು ಜನ ಸೇರಿ, ಸ್ವಂತ ಮನೆಯಲ್ಲೋ ಪಾಳು ಬಿದ್ದ ಕಟ್ಟಡದಲ್ಲೋ, ಕೈಯಲ್ಲಿದ್ದ ದುಡ್ಡಲ್ಲಿ ತೆಗೆದದ್ದು. ಈ ಚಟ ಹತ್ತಿದ್ದು 2013ರಲ್ಲಿ, ಕಾಲೇಜಿನಲ್ಲಿದ್ದಾಗ. ಕನ್ನಡದ '6-5=2' ಬಂತು. ಕಾಡಿಗೆ ಟ್ರೆಕ್ಕಿಂಗ್ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳು ಅಂತ ತೋರಿಸುವ ಸಿನಿಮಾ. ಥಿಯೇಟರ್‌ನಿಂದ ಹೊರಗೆ ಬಂದ ಮೇಲೆ ಗೆಳೆಯರೆಲ್ಲ ನಿಂತು ಅರ್ಧ ಗಂಟೆ ಜಗಳ ಆಡಿದೆವು, ಇದು ನಿಜವೋ ಸುಳ್ಳೋ ಅಂತ. ದೊಡ್ಡ ಹೀರೋ ಇಲ್ಲ, ಹಾಡಿಲ್ಲ, ಕುಣಿತ ಇಲ್ಲ. ಆದರೂ ಆ ರಾತ್ರಿ ಬಚ್ಚಲಿಗೆ ಹೋಗುವಾಗ ಲೈಟ್ ಹಾಕಿಕೊಂಡೇ ಹೋದೆ.

ಅಂಥ ಪಿಚ್ಚರನ್ನು ಗೋಡೆ ತುಂಬಾ ನೋಡಬೇಕು ಅನ್ನುವುದೇ ಆಸೆ. ಭಯ ಅಂದರೆ ದೊಡ್ಡ ಪರದೆ ಅಂತ ತಿಳಿದಿದ್ದೆ. ಅಲ್ಲೇ ಎಡವಿದ್ದು.

ಡಬ್ಬದ ಮೇಲೆ '9000 ಲ್ಯೂಮೆನ್ಸ್' ಅಂತ ಬರೆದಿತ್ತು, ಎಷ್ಟು ಬೆಳಕು ಬಿಡುತ್ತೆ ಅನ್ನುವ ಲೆಕ್ಕ ಅದು. ಈ ಅಂಕಿಗೆ ಬೆಲೆ ಇಲ್ಲ. ಅಳತೆಗೆ ಒಂದು ಪದ್ಧತಿ ಇದೆ, ಆನ್ಸಿ ಲ್ಯೂಮೆನ್ಸ್ ಅಂತ. ಆ ಹೆಸರು ಬರೆಯದೆ ಬರೀ ಸಾವಿರಗಟ್ಟಲೆ ಲ್ಯೂಮೆನ್ಸ್ ಅಂದಿದ್ದರೆ ನಂಬಬೇಡಿ. '4ಕೆ ಸಪೋರ್ಟ್' (4ಕೆ ಅಂದರೆ ತುಂಬಾ ಸ್ಪಷ್ಟವಾದ ಚಿತ್ರ) ಅನ್ನುವುದೂ ಅಷ್ಟೇ. 4ಕೆ ಫೈಲ್ ಹಾಕಿದರೆ ಬೇಡ ಅನ್ನಲ್ಲ, ತಗೊಳ್ಳುತ್ತೆ. ಗೋಡೆ ಮೇಲೆ ಬಿಡೋದು ಮಾತ್ರ ತನ್ನ ಯೋಗ್ಯತೆಗೆ ತಕ್ಕಷ್ಟೇ. ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಕಪ್ಪು.

ಪ್ರೊಜೆಕ್ಟರ್ ಬೆಳಕನ್ನು ಎಸೆಯಬಹುದು, ಕತ್ತಲೆಯನ್ನು ಎಸೆಯೋಕಾಗುತ್ತಾ? ಕಪ್ಪು ಬೇಕಾದ ಜಾಗದಲ್ಲಿ ಬೆಳಕು ತಡೆದು ಸುಮ್ಮನಿರಬೇಕು, ಅಷ್ಟೇ ಅದಕ್ಕೆ ಸಾಧ್ಯ. ಅಗ್ಗದ ಎಲ್‌ಸಿಡಿ ಪ್ರೊಜೆಕ್ಟರಿಗೆ ಪೂರ್ತಿ ತಡೆಯೋಕೂ ಬರಲ್ಲ, ಬೆಳಕು ಸೋರುತ್ತೆ. ಹಾಗಾಗಿ ಕಪ್ಪಿನ ಜಾಗದಲ್ಲಿ ಬೂದಿ ಬಣ್ಣ. ಮದುವೆ ವಿಡಿಯೋ ಹಾಕಿದರೆ ಗೊತ್ತೇ ಆಗಲ್ಲ. ದೆವ್ವದ ಪಿಚ್ಚರಿನಲ್ಲಿ ಮುಕ್ಕಾಲು ಭಾಗ ಕತ್ತಲೆಯೇ ಅಲ್ವಾ.

'ಸ್ಕಿನಮರಿಂಕ್' ಹಾಕಿದ ದಿನ ಇದು ಸರಿಯಾಗಿ ಅರ್ಥವಾಯಿತು. 2022ರ ಕೆನಡಾ ಸಿನಿಮಾ. ನಿರ್ದೇಶಕ ಕೈಲ್ ಎಡ್ವರ್ಡ್ ಬಾಲ್ ತಾನು ಆಡಿ ಬೆಳೆದ ಮನೆಯಲ್ಲೇ, 15,000 ಡಾಲರ್‌ನಲ್ಲಿ ತೆಗೆದದ್ದು. ನಮ್ಮ ಲೆಕ್ಕದಲ್ಲಿ ಹನ್ನೆರಡು ಲಕ್ಷದ ಆಸುಪಾಸು. ದುರ್ಗದಲ್ಲಿ ಎಷ್ಟೋ ಮದುವೆಗೆ ಅದಕ್ಕಿಂತ ಜಾಸ್ತಿ ಆಗುತ್ತೆ. ಇಬ್ಬರು ಪುಟ್ಟ ಮಕ್ಕಳು ರಾತ್ರಿ ಎದ್ದು ನೋಡುತ್ತಾರೆ, ಅಪ್ಪ ಇಲ್ಲ. ಮನೆಯ ಬಾಗಿಲು, ಕಿಟಕಿ ಒಂದೊಂದೇ ಮಾಯ. ಇಷ್ಟೇ ಕಥೆ. ಮಕ್ಕಳ ಮುಖ ಕೂಡ ಸರಿಯಾಗಿ ತೋರಿಸಲ್ಲ. ಸೂರಿನ ಮೂಲೆ, ಬಾಗಿಲ ಚೌಕಟ್ಟು, ನೆಲದ ಮೇಲೆ ಬಿದ್ದ ಆಟಿಕೆ, ಟೀವಿ ಬೆಳಕು. ಆ ಕತ್ತಲೆಯಲ್ಲಿ ಏನೋ ಇದೆ ಅಂತ ನಮ್ಮ ಕಣ್ಣೇ ಹುಡುಕಬೇಕು, ಸಿನಿಮಾದ ಸತ್ವ ಇರೋದೇ ಅಲ್ಲಿ.

ನನ್ನ ಗೋಡೆ ಮೇಲೆ ಕಂಡದ್ದು ಬೂದಿ. ಎಂಬತ್ತು ಇಂಚು ಬೂದಿ. ಕಣ್ಣು ಕಿರಿದು ಮಾಡಿ ನೋಡಿದೆ, ಮುಂದೆ ಹೋಗಿ ಕೂತೆ, ಬ್ರೈಟ್‌ನೆಸ್ ಏರಿಸಿದೆ, ಇಳಿಸಿದೆ. ಮುಕ್ಕಾಲು ಗಂಟೆ ಆದ ಮೇಲೆ ಸೂರಿನ ಮೂಲೆಯಿಂದ ಒಂದು ಉದ್ದನೆ ನೆರಳು ನಿಧಾನಕ್ಕೆ ಕೆಳಗೆ ಇಳಿಯಿತು. ಎದೆ ಧಸಕ್ ಅಂತು. ಅಬ್ಬಾ, ಎಂಥಾ ಸೀನು ಅಂದುಕೊಂಡೆ. ಆ ನೆರಳು ಅಲ್ಲೇ ನಿಂತು ಒಂದು ಹುಳ ತಿಂದಿತು. ಹಲ್ಲಿ! ಬೆಳಕಿಗೆ ಹುಳ ಬರುತ್ತೆ, ಹುಳಕ್ಕೆ ಹಲ್ಲಿ ಬರುತ್ತೆ. ಇಡೀ ಸಿನಿಮಾದಲ್ಲಿ ನಾನು ಹೆದರಿದ್ದು ಅದೊಂದಕ್ಕೇ.

ನಿಜವಾದ ಕಪ್ಪು ಹೇಗಿರುತ್ತೆ ಅಂತ ತಿಳಿಯಬೇಕಾದರೆ ನಮ್ಮ ಚಂದ್ರವಳ್ಳಿಗೆ ಬನ್ನಿ. ಅಂಕಲಿ ಮಠದ ಗುಹೆಯಲ್ಲಿ ಬಗ್ಗಿ ಬಗ್ಗಿ ಒಳಗಿನ ಕೋಣೆಗೆ ಇಳಿದ ಮೇಲೆ, ಕರೆದುಕೊಂಡು ಹೋದವರು ಒಮ್ಮೆ ಟಾರ್ಚ್ ಆರಿಸಿದರು. ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಪಕ್ಕದವರ ಉಸಿರು ಅಷ್ಟು ಜೋರಾಗಿ ಕೇಳಿಸುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಕಣ್ಣು ಕೈಕೊಟ್ಟ ಕೂಡಲೇ ಎಲ್ಲ ಕೆಲಸ ಕಿವಿ ತಗೊಳ್ಳುತ್ತೆ. ಸಣ್ಣ ಬಜೆಟ್‌ನ ಸಿನಿಮಾದವರಿಗೆ ಇದು ಚೆನ್ನಾಗಿ ಗೊತ್ತು. ದೆವ್ವ ತೋರಿಸೋಕೆ ದುಡ್ಡು ಬೇಕು, ಕೇಳಿಸೋಕೆ ಅಷ್ಟು ಬೇಡ.

ಶಬ್ದದ ವಿಷಯಕ್ಕೆ ಬಂದರೆ ಈ ಪ್ರೊಜೆಕ್ಟರಿಗೆ ನಾನು ಸೊನ್ನೆ ಕೊಡುತ್ತೇನೆ. ಒಳಗಿನ ಸ್ಪೀಕರ್ ಡಬ್ಬದೊಳಗೆ ಮಾತಾಡಿದ ಹಾಗೆ. ಅದರ ಮೇಲೆ ಫ್ಯಾನ್ ಸದ್ದು, ಎರಡೂವರೆ ಗಂಟೆ ಒಂದೇ ಸಮ ಗುಂಯ್ ಅನ್ನುತ್ತೆ. ಪಿಚ್ಚರಿನಲ್ಲಿ ಹುಡುಗಿ ಉಸಿರು ಬಿಗಿ ಹಿಡಿದು ಮಂಚದ ಕೆಳಗೆ ಅಡಗಿದ್ದರೆ ನನಗೆ ಹಿಟ್ಟಿನ ಗಿರಣಿಯಲ್ಲಿ ಕೂತ ಅನುಭವ. ಸರಿ ಅಂತ ಬ್ಲೂಟೂತ್ ಸ್ಪೀಕರ್ ಜೋಡಿಸಿದೆ. ಶಬ್ದ ಒಂಚೂರು ತಡವಾಗಿ ಬರುತ್ತೆ. ಹಾಡು ಕೇಳುವವರಿಗೆ ಅದು ಗೊತ್ತಾಗಲ್ಲ. ಇಲ್ಲಿ ಮಾತ್ರ ಮಿಂಚು ಹೊಡೆದ ಮೇಲೆ ಗುಡುಗಿದ ಹಾಗೆ, ಮುಖ ಮೊದಲು ಬಂದು ಹೋಗುತ್ತೆ, 'ಢಂ' ಆಮೇಲೆ. ಹೆದರಬೇಕಾದ ಕಡೆಯೆಲ್ಲ ನಕ್ಕಿದ್ದೇನೆ.

ಕೊನೆಗೆ 1,400 ರೂಪಾಯಿಯ ವೈರ್ ಇರುವ ಹೆಡ್‌ಫೋನ್ ತಂದೆ. ಅದನ್ನು ಪ್ರೊಜೆಕ್ಟರಿಗೆ ಸಿಕ್ಕಿಸಿ ಸ್ವಲ್ಪ ದಿನ ನೋಡಿದೆ. ಒಂದು ರಾತ್ರಿ ಕರೆಂಟ್ ಹೋಯಿತು. ಸುಮ್ನೆ ಯಾಕೆ ಕೂರೋದು ಅಂತ ಹಾಸಿಗೆ ಮೇಲೆ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು, ಹೆಡ್‌ಫೋನ್ ಹಾಕಿ, 'ಪಾಂಟಿಪೂಲ್' ನೋಡಿದೆ. 2008ರದ್ದು, ಇದೂ ಕೆನಡಾದ್ದೇ. ಹಿಮ ಬೀಳುವ ಒಂದು ಸಣ್ಣ ಊರಿನ ರೇಡಿಯೋ ಸ್ಟೇಷನ್. ಹೊರಗೆ ಏನೋ ಘೋರ ನಡೀತಿದೆ, ಒಳಗಿರುವವರಿಗೆ ಫೋನಿನಲ್ಲಿ ಸುದ್ದಿ ಬರುತ್ತಾ ಹೋಗುತ್ತೆ. ರೋಗ ಹರಡೋದು ಗಾಳಿಯಿಂದ ಅಲ್ಲ, ಮಾತಿನಿಂದ. ಇಂಗ್ಲಿಷ್ ಪದಗಳಿಗೇ ಸೋಂಕು. ಬದುಕೋಕೆ ಅವರು ತಪ್ಪು ತಪ್ಪು ಫ್ರೆಂಚ್ ಮಾತಾಡಲು ಶುರು ಮಾಡುತ್ತಾರೆ. (ನಮ್ಮೂರಾಗಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಇಲ್ಲ, ನಾವು ಕನ್ನಡದ ಮಧ್ಯೆ ಸೇರಿಸುವ ಇಂಗ್ಲಿಷ್ ನೋಡಿದರೆ ಮೊದಲು ನಾವೇ ಹೋಗುತ್ತಿದ್ದೆವೇನೋ.) ಚಿಕ್ಕವನಿದ್ದಾಗ ಬೆಳಿಗ್ಗೆ ಅಡುಗೆಮನೆಯಿಂದ ಚಿತ್ರದುರ್ಗ ಆಕಾಶವಾಣಿ ಕೇಳಿಸುತ್ತಿತ್ತು. ಆ ನೆಮ್ಮದಿಯ ದನಿ ಒಂದು ದಿನ ಇದ್ದಕ್ಕಿದ್ದಂತೆ ತಡವರಿಸಿದರೆ ಹೇಗಿರುತ್ತೆ? ಹದಿನಾಲ್ಕು ಇಂಚಿನ ಪರದೆಯಲ್ಲಿ, ಕರೆಂಟಿಲ್ಲದ ಮನೆಯಲ್ಲಿ, ಹೊರಗೆ ಬೀಸುವ ಗಾಳಿಯ ಜೊತೆ ಆ ಸಿನಿಮಾ ನನ್ನನ್ನು ಅಲ್ಲಾಡಿಸಿಬಿಟ್ಟಿತು. ಕರೆಂಟ್ ಬಂದ ಮೇಲೂ ಪ್ರೊಜೆಕ್ಟರ್ ಹಾಕಲಿಲ್ಲ.

ಆಮೇಲೆ ಒಂದೊಂದಾಗಿ ಎಲ್ಲ ಲ್ಯಾಪ್‌ಟಾಪಿಗೆ ಬಂತು. 2020ರ ಲಾಕ್‌ಡೌನ್‌ನಲ್ಲಿ ತೆಗೆದ 'ಹೋಸ್ಟ್' ಅಂತೂ ಗೋಡೆ ಮೇಲೆ ನೋಡಲೇಬಾರದು. ಗೆಳೆಯ ಗೆಳತಿಯರು ವಿಡಿಯೋ ಕಾಲ್‌ನಲ್ಲಿ ಕೂತು ದೆವ್ವ ಕರೆಯುತ್ತಾರೆ. ನಿರ್ದೇಶಕ ತನ್ನ ಮನೆಯಲ್ಲಿ, ನಟರು ಅವರವರ ಮನೆಯಲ್ಲಿ. ಒಂದು ಗಂಟೆಯೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಆ ಕಾಲ್‌ನಲ್ಲಿ ನಾವೂ ಇದ್ದೇವೆ ಅನ್ನಿಸುತ್ತೆ. ಜಪಾನಿನ 'ನೊರೊಯಿ' ಕೂಡ ನೋಡಿ, ಆದರೆ ತಾಳ್ಮೆ ಬೇಕು. ಐರ್ಲೆಂಡಿನ 'ಕೇವಿಯಟ್'ನಲ್ಲಿ ಡೋಲು ಬಡಿಯುವ ಒಂದು ಆಟದ ಮೊಲ ಇದೆ. ಅದರ ಬಗ್ಗೆ ಇಷ್ಟು ಸಾಕು.

ಆಸ್ಟ್ರೇಲಿಯಾದ 'ಲೇಕ್ ಮಂಗೊ' (2008) ಬಗ್ಗೆ ಮಾತ್ರ ಒಂದು ಸಿಟ್ಟು ಹೇಳಿಕೊಳ್ಳಲೇಬೇಕು. ನೀರಿನಲ್ಲಿ ಮುಳುಗಿ ಸತ್ತ ಹುಡುಗಿಯ ಮನೆಯವರನ್ನು ಸಾಕ್ಷ್ಯಚಿತ್ರದವರು ಮಾತಾಡಿಸುವ ಹಾಗೆ ಇಡೀ ಸಿನಿಮಾ. ನಟರಿಗೆ ಬರೆದ ಸಂಭಾಷಣೆ ಇಲ್ಲ, ಅವರೇ ಮಾತಾಡಿದ್ದು. ಅದಕ್ಕೇ ಆ ಅಪ್ಪ, ಅಮ್ಮ ನಮ್ಮ ಬೀದಿಯವರ ಥರ ಕಾಣುತ್ತಾರೆ. ನಾನು ತಿಂಗಳ ಚಂದಾ ಕಟ್ಟುತ್ತಿದ್ದ ಆ್ಯಪ್‌ನಲ್ಲಿ ನೋಡಿದೆ. ಮುಗಿಯಿತು, ಹೆಸರುಗಳು ಬರೋಕೆ ಶುರುವಾದವು. ತಕ್ಷಣ ಆ್ಯಪ್ ಚಿತ್ರವನ್ನು ಅಂಚೆ ಚೀಟಿಯಷ್ಟು ಸಣ್ಣ ಮಾಡಿ ಮೂಲೆಗೆ ತಳ್ಳಿ, 'ಮುಂದೆ ಇದನ್ನು ನೋಡಿ' ಅಂತ ಯಾವುದೋ ಕಾಮಿಡಿ ಹಾಕಿತು. ಬೇಜಾರಾಗಿ ಮಲಗಿದೆ. ಒಂದು ವರ್ಷ ಬಿಟ್ಟು ಮತ್ತೆ ನೋಡುವಾಗ ಗೊತ್ತಾಯಿತು, ಹೆಸರುಗಳ ಜೊತೆ ಹಿಂದೆ ಬಂದ ಫೋಟೋಗಳು ಮತ್ತೆ ಬರುತ್ತವೆ. ನಾವು ಗಮನಿಸದೇ ಬಿಟ್ಟ ಮೂಲೆಗಳಲ್ಲಿ ಆ ಹುಡುಗಿ ನಿಂತಿದ್ದಾಳೆ. ಮೊದಲಿಂದಲೂ ಅಲ್ಲೇ ಇದ್ದಳು, ಮನೆಯವರು ನೋಡಲಿಲ್ಲ, ನಾವೂ ನೋಡಲಿಲ್ಲ. ಆ ರಾತ್ರಿ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಸಿನಿಮಾದ ಜೀವ ಇರೋ ಜಾಗಕ್ಕೇ ಆ್ಯಪ್‌ನವರು ಜಾಹೀರಾತು ಅಂಟಿಸಿದ್ದರು. ಸೆಟ್ಟಿಂಗ್ಸ್‌ಗೆ ಹೋಗಿ ಆಟೋಪ್ಲೇ ಆಫ್ ಮಾಡಿ, ಇವತ್ತೇ.

ಹಾಗಾದರೆ ಪ್ರೊಜೆಕ್ಟರ್ ದಂಡವಾ? ಹಾಗೂ ಅಲ್ಲ.

ಒಮ್ಮೆ ಗೆಳೆಯರು ಬಂದಿದ್ದರು. ಲಕ್ಷ್ಮೀ ಬಜಾರ್‌ನಿಂದ ಬಿಳಿ ಬಟ್ಟೆ ತಂದು ತಾರಸಿ ಮೇಲೆ ಕಟ್ಟಿ 'ಒನ್ ಕಟ್ ಆಫ್ ದಿ ಡೆಡ್' ಹಾಕಿದೆ. ದುರ್ಗದ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಪರದೆ ಹಾಯಿ ಥರ ಉಬ್ಬಿ ನಟರೆಲ್ಲ ಗರ್ಭಿಣಿಯರಾದರು. 30 ಲಕ್ಷ ಯೆನ್‌ನಲ್ಲಿ ತೆಗೆದ ಜಪಾನಿ ಸಿನಿಮಾ ಇದು. ಮೊದಲ 37 ನಿಮಿಷ ಒಂದೇ ಶಾಟ್, ಅದೂ ಎಡವಟ್ಟು ಎಡವಟ್ಟಾಗಿ. "ಏನ್ಲೇ ಇದು, ಕ್ಯಾಮೆರಾ ಹಿಡಿದೋನು ಕುಡಿದು ಬಂದಾನಾ?" ಅಂತ ಇಬ್ಬರು ಎದ್ದು ಹೋದರು. ಮಂಡಕ್ಕಿ, ಮೆಣಸಿನಕಾಯಿ ಮುಗಿದಿಲ್ಲ ಅಂತ ಉಳಿದ ಮೂವರು ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾಕೆ ಅಂತ ಹೇಳಿದರೆ ನಿಮ್ಮ ಮಜಾ ಹಾಳಾಗುತ್ತೆ. 37 ನಿಮಿಷ ಕೂತಿರಿ, ಸಾಕು. ನಾಲ್ಕು ಜನ ಸೇರಿ ನಗೋಕೆ ಪ್ರೊಜೆಕ್ಟರ್ ಬೇಕು.

ಹಳೇ ಕಪ್ಪು ಬಿಳುಪು ಸಿನಿಮಾಗಳೂ ಇದರಲ್ಲಿ ಚೆನ್ನಾಗಿ ಬರುತ್ತವೆ, ಅವುಗಳಲ್ಲಿ ಬೆಳಕು ಜಾಸ್ತಿ. 'ಕಾರ್ನಿವಲ್ ಆಫ್ ಸೋಲ್ಸ್' 1962ರದ್ದು. ಹರ್ಕ್ ಹಾರ್ವಿ ಅನ್ನುವವರು ಕ್ಯಾನ್ಸಸ್‌ನಲ್ಲಿ ಕಾರ್ಖಾನೆ, ಶಾಲೆಗಳಿಗೆ ಪಾಠದ ಫಿಲ್ಮ್ ಮಾಡಿಕೊಂಡಿದ್ದವರು. ದಾರಿಯಲ್ಲಿ ಹೋಗುವಾಗ ಉಪ್ಪಿನ ಸರೋವರದ ದಡದಲ್ಲಿ ಪಾಳು ಬಿದ್ದ ಒಂದು ಮೋಜಿನ ಮಂಟಪ ಕಂಡರು. ಅದು ತಲೆಯಿಂದ ಹೋಗಲಿಲ್ಲ. ಕೆಲಸಕ್ಕೆ ರಜೆ ಹಾಕಿ ಸಿನಿಮಾ ತೆಗೆದರು, ಮುಖ್ಯ ದೆವ್ವದ ಪಾತ್ರವನ್ನೂ ತಾವೇ ಮಾಡಿದರು. (ಮುಂದಿನ ನಾಲ್ಕು ಸಾಲಲ್ಲಿ ಕಥೆ ಬಿಚ್ಚಿದ್ದೇನೆ. ಅರವತ್ತು ವರ್ಷ ಕಳೆದಿದೆ, ಕ್ಷಮಿಸಿ.)

ಅಮ್ಮ ಹೂ ಕಟ್ಟುತ್ತಾ ಗೋಡೆ ಕಡೆ ನೋಡುತ್ತಿದ್ದರು. ಕಾರು ಸೇತುವೆಯಿಂದ ಹೊಳೆಗೆ ಬೀಳುತ್ತೆ, ಒಬ್ಬ ಹುಡುಗಿ ಮಾತ್ರ ಕೆಸರು ಮೆತ್ತಿಕೊಂಡು ಎದ್ದು ಬರುತ್ತಾಳೆ. ಮುಂದೆ ಬಟ್ಟೆ ಅಂಗಡಿಯಲ್ಲಿ ಯಾರೂ ಅವಳನ್ನು ಮಾತಾಡಿಸಲ್ಲ, ಅವಳಿಗೂ ಯಾವ ಸದ್ದೂ ಕೇಳಿಸಲ್ಲ. ಅಮ್ಮ ದಾರ ಹಲ್ಲಲ್ಲಿ ಕಚ್ಚಿ ತುಂಡು ಮಾಡಿ ಅಂದರು: "ಅಲ್ಲಪ್ಪಾ, ಆ ಹುಡುಗಿ ಹೊಳೆಯಾಗೇ ಸತ್ತೋಗ್ಯಾಳಲ್ಲ. ಅದಕ್ಕೆ ಯಾರೂ ಹೇಳಿಲ್ಲ, ಪಾಪ." ಅಮ್ಮನಿಗೆ ಇಂಗ್ಲಿಷ್ ಒಂದಕ್ಷರ ಬರಲ್ಲ. ನಾನು ಮೊದಲ ಸಲ ನೋಡಿದಾಗ ಕೊನೆಯ ಸೀನ್‌ವರೆಗೆ ಬಾಯಿ ಬಿಟ್ಟುಕೊಂಡು ಕೂತಿದ್ದವನು.

ಇನ್ನು ಬಾಳಿಕೆ. ಎರಡನೇ ವರ್ಷ ಒಳಗೆ ಧೂಳು ಸೇರಿ ಚಿತ್ರದ ಬಲಗಡೆ ಕೆಳಗೆ ಒಂದು ಮಸುಕು ಚುಕ್ಕೆ ಬಂದಿದೆ. ಸರ್ವಿಸ್ ಸೆಂಟರ್ ಅಂತ ಕೊಟ್ಟಿದ್ದ ನಂಬರಿಗೆ ಹನ್ನೊಂದು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ತಗೊಳ್ಳುವುದಾದರೆ ಒಳಗಿನ ಲೆನ್ಸ್ ಭಾಗಕ್ಕೆ ಧೂಳು ಹೋಗದ ಹಾಗೆ ಪೂರ್ತಿ ಮುಚ್ಚಿರುವಂಥದ್ದೇ ತಗೊಳ್ಳಿ, ವೈರ್ ಹೆಡ್‌ಫೋನ್ ಸಿಕ್ಕಿಸುವ ತೂತು ಇದೆಯಾ ಅಂತ ನೋಡಿ. ಹೆಡ್‌ಫೋನ್‌ದು ಕಿವಿಯ ಮೆತ್ತೆ ಕಿತ್ತು ಬಂತು, 250 ರೂಪಾಯಿ ಕೊಟ್ಟು ಬದಲಿಸಿದೆ. ಅಷ್ಟೇ ಖರ್ಚು.

ಪ್ರೊಜೆಕ್ಟರಿಗೆ ಐದಕ್ಕೆ ಎರಡೂವರೆ. ಹೆಡ್‌ಫೋನ್‌ಗೆ ಐದಕ್ಕೆ ಐದು. ಹೋದ ತಿಂಗಳು ಪ್ರೊಜೆಕ್ಟರ್ ಮಾರಿಬಿಡೋಣ ಅಂತ ಒರೆಸಿ ಡಬ್ಬಕ್ಕೆ ತುಂಬುತ್ತಿದ್ದೆ. ಅಮ್ಮ ಬಂದು, "ಆ ಹೊಳೆಗೆ ಬಿದ್ದ ಹುಡುಗಿದು ಇನ್ನೊಂದ್ಸಲ ಹಾಕಪ್ಪ" ಅಂದರು. ಡಬ್ಬ ಅಟ್ಟಕ್ಕೆ ಹೋಯಿತು, ಪ್ರೊಜೆಕ್ಟರ್ ಸ್ಟೂಲ್ ಮೇಲೇ ಇದೆ.