ಮಸ್ಟಾಂಗ್ ಕ್ಯಾಂಪೇನ್ ಆಡುವವರೇ, ಸೀಟಿನ ಹಿಂದಿನ ಟ್ಯಾಂಕ್ ಬಗ್ಗೆ ಹುಷಾರು

ಫ್ಲೈಟ್ ಸಿಮ್ಯುಲೇಟರ್ (ಸಿಮ್) ಆಟದಲ್ಲಿ, ಸತ್ತರೆ ಕೆರಿಯರ್ ಮುಗಿಯಿತು ಎನ್ನುವ ಸೆಟ್ಟಿಂಗ್‌ನಲ್ಲಿ 1944ರ ಬಾಂಬರ್ ಬೆಂಗಾವಲು ಕ್ಯಾಂಪೇನ್ ಆಡುತ್ತಿದ್ದೀರಾ? ಇಪ್ಪತ್ತು ಮಿಷನ್ ದಾಟಿದ ಪೈಲಟ್ ಕೂಡ ಶತ್ರುವಿನ ಒಂದು ಗುಂಡೂ ತಾಗದೆ ನೆಲ ಸೇರಬಹುದು. ಮಸ್ಟಾಂಗ್, ಅಂದರೆ ಪಿ-51ಡಿ ಯುದ್ಧವಿಮಾನದಲ್ಲಿ ಇದು ಹೆಚ್ಚಾಗಿ ಆಗುವುದು ಹೀಗೆ. ಜರ್ಮನ್ ಯುದ್ಧವಿಮಾನ ಮೆಸ್ಸರ್‌ಶ್ಮಿಟ್ ಕಂಡೊಡನೆ ಜೋರಾಗಿ ತಿರುಗಿಸುತ್ತೀರಿ, ತಿರುವಿನ ರಭಸಕ್ಕೆ ಪೈಲಟ್‌ಗೆ ಕತ್ತಲೆ ಕವಿದು ಪರದೆ ಕಪ್ಪಾಗುತ್ತದೆ, ಕಣ್ಣು ಬಿಡುವಷ್ಟರಲ್ಲಿ ವಿಮಾನ ಮಗುಚಿಕೊಂಡು ಗಿರಕಿ ಹೊಡೆಯುತ್ತಿರುತ್ತದೆ. ಫ್ಲೈಟ್ ಮಾಡೆಲ್ (ಆಟದಲ್ಲಿ ವಿಮಾನದ ವರ್ತನೆಯನ್ನು ಅನುಕರಿಸುವ ಭಾಗ) ಕೆಟ್ಟಿದೆ ಎಂದು ಬೈಯುವವರೇ ಜಾಸ್ತಿ. ಕೆಟ್ಟದ್ದು ಮಾಡೆಲ್ ಅಲ್ಲ, ಇಂಧನದ ಲೆಕ್ಕ.

ರೆಕ್ಕೆಗಳಲ್ಲಿ ತಲಾ 92 ಅಮೆರಿಕನ್ ಗ್ಯಾಲನ್, ಸೀಟಿನ ಹಿಂದೆ 85. ಆ 85 ಗ್ಯಾಲನ್ ಎಂದರೆ ಸುಮಾರು 230 ಕಿಲೋ, ಅಷ್ಟೂ ಬಾಲದ ಕಡೆಗೆ. ಹಾಗೆ ಹಿಂಭಾರವಾದ ವಿಮಾನವನ್ನು ಎಳೆದು ತಿರುಗಿಸಿದರೆ ತಿರುವು ತಾನಾಗಿಯೇ ಬಿಗಿಯಾಗುತ್ತ ಹೋಗುತ್ತದೆ. ಸ್ಟಿಕ್ ಮುಂದಕ್ಕೆ ದೂಡಿ ತಡೆಯಬೇಕಾಗುತ್ತದೆ. ನಿಜವಾದ ಪೈಲಟ್‌ಗೆ ಇದು ಕೈಗೇ ಗೊತ್ತಾಗುತ್ತಿತ್ತು. ಮೇಜಿನ ಮೇಲಿನ ಜಾಯ್‌ಸ್ಟಿಕ್‌ನ ಸ್ಪ್ರಿಂಗ್ ಎಂದಿನಂತೆ ನಡುವಿಗೇ ಎಳೆಯುವುದರಿಂದ ನಮಗೆ ಸುಳಿವೇ ಸಿಗುವುದಿಲ್ಲ. ಅರ್ಧಕ್ಕೆ ಎಳೆದು ಹಿಡಿದ ಸ್ಟಿಕ್ ಅಲ್ಲೇ ಇದ್ದರೂ ಜಿ (ತಿರುವಿನಲ್ಲಿ ಮೈಮೇಲೆ ಬೀಳುವ ಭಾರದ ಅಳತೆ) ಏರುತ್ತಲೇ ಇದ್ದರೆ, ಅದೇ ಸುಳಿವು. ಜೊತೆಗೆ ಹಾರುವ ವಿಂಗ್‌ಮನ್ ಸಲೀಸಾಗಿ ತಿರುಗಿದ ಎಂದು ಹಿಂಬಾಲಿಸಬೇಡಿ. ಎಷ್ಟೋ ಸಿಮ್‌ಗಳಲ್ಲಿ ಕಂಪ್ಯೂಟರ್ ನಡೆಸುವ ಎಐ ಪೈಲಟ್ ಹಾರುವುದು ಸರಳಗೊಳಿಸಿದ ಮಾಡೆಲ್‌ನಲ್ಲಿ.

ಟೇಕಾಫ್ ಎಡರೆಕ್ಕೆಯ ಟ್ಯಾಂಕ್‌ನಲ್ಲಿ. ಕಾರ್ಬುರೇಟರ್‌ನಿಂದ ಆವಿಯ ಜೊತೆ ವಾಪಸ್ ಬರುವ ಪೆಟ್ರೋಲ್ ಎಡ ಟ್ಯಾಂಕ್‌ಗೇ ಹೋಗುವುದರಿಂದ ಅಲ್ಲಿ ಮೊದಲು ಜಾಗ ಮಾಡಬೇಕು, ಇಲ್ಲದಿದ್ದರೆ ಹೊರಗೆ ಚೆಲ್ಲಿಹೋಗುತ್ತದೆ. ಇಪ್ಪತ್ತು ನಿಮಿಷದ ನಂತರ ಹಿಂದಿನ ಟ್ಯಾಂಕ್‌ಗೆ ಬದಲಿಸಿ, 25 ಗ್ಯಾಲನ್ ಉಳಿಯುವವರೆಗೆ ಸುಡಿ. ಕ್ರೂಸ್‌ನಲ್ಲಿ (ಒಂದೇ ವೇಗದ ನೇರ ಹಾರಾಟದಲ್ಲಿ) ಗಂಟೆಗೆ 60 ಗ್ಯಾಲನ್ ಆಸುಪಾಸು ಹಿಡಿದರೆ ಇದಕ್ಕೆ ಹೆಚ್ಚುಕಡಿಮೆ ಒಂದು ಗಂಟೆ. ರೆಕ್ಕೆಯಡಿ ತೂಗುವ, ಕಳಚುವ ಟ್ಯಾಂಕ್‌ಗಳ ಸರದಿ ಆಮೇಲೆ. ಹೇಗಿದ್ದರೂ ಎಸೆಯುವ ಟ್ಯಾಂಕ್ ತಾನೇ, ಮೊದಲು ಅದನ್ನೇ ಖಾಲಿ ಮಾಡೋಣ ಎನಿಸುತ್ತದೆ. ಎಡವುವುದೇ ಇಲ್ಲಿ: ಶತ್ರು ಎದುರಾದಾಗ ಅವನ್ನು ಕಳಚಬಹುದು, ಬೆನ್ನ ಹಿಂದಿನದನ್ನು ಕಳಚಲಾಗದು. ಕಳಚುವ ಮುಂಚೆ, ಯಾವ ಟ್ಯಾಂಕ್‌ನ ಇಂಧನ ಎಂದು ಆರಿಸುವ ಸೆಲೆಕ್ಟರ್ ರೆಕ್ಕೆಯ ಟ್ಯಾಂಕ್‌ಗೆ ಬಂದಿರಬೇಕು. ಮರೆತರೆ ಎಂಜಿನ್ ಗಾಳಿ ಹೀರಿ ಕೆಮ್ಮಿ ನಿಲ್ಲುತ್ತದೆ, ಅದೂ ಶತ್ರು ಬೆನ್ನ ಮೇಲಿರುವಾಗಲೇ.

ದೂರದ ಹಾದಿ ಬೇಸರವೆಂದು ಸಮಯವನ್ನು ಎಂಟು ಪಟ್ಟು ಓಡಿಸುವವರಿಗೆ ಇನ್ನೊಂದು ಮಾತು. ಆ ವೇಗದಲ್ಲಿ ಹಿಂದಿನ ಟ್ಯಾಂಕ್‌ನ ಒಂದು ಗಂಟೆ ಏಳೂವರೆ ನಿಮಿಷಕ್ಕೆ ಮುಗಿಯುತ್ತದೆ. ಸೆಲೆಕ್ಟರ್ ತಾನಾಗಿ ತಿರುಗುವುದಿಲ್ಲ. ಎಡ ಟ್ಯಾಂಕ್‌ನಲ್ಲೇ ಬಿಟ್ಟು ಕಾಫಿಗೆ ಎದ್ದರೆ ಹನ್ನೊಂದು ನಿಮಿಷದೊಳಗೆ ಅದು ಬರಿದು, ಹಿಂದಿನದು ಮಾತ್ರ ತುಂಬಿದ ಹಾಗೇ.

ಬರ್ಲಿನ್‌ನಷ್ಟು ದೂರ ಹೋಗದ ಮಿಷನ್‌ಗಳಿಗೆ ಇಷ್ಟೆಲ್ಲ ರಗಳೆಯೇ ಬೇಡ. ರೆಕ್ಕೆಗಳನ್ನೇ ಮೊದಲು ತುಂಬಿಸುವ ಸಿಮ್ ಆದರೆ ಇಂಧನ 68 ಶೇಕಡಾಕ್ಕೆ ಇಳಿಸಿ. 269ರಲ್ಲಿ 184, ಅಂದರೆ ರೆಕ್ಕೆಗಳೆರಡು ಮಾತ್ರ ಭರ್ತಿ. ಕೆಲವು ಕ್ಯಾಂಪೇನ್‌ಗಳು ಪ್ರತಿ ಮಿಷನ್‌ಗೂ ಅದನ್ನು ಮತ್ತೆ 100ಕ್ಕೆ ಏರಿಸಿರುತ್ತವೆ, ಎಂಜಿನ್ ಶುರು ಮಾಡುವ ಮುಂಚೆ ಮೀಟರ್ ನೋಡಿ. ರೆಕ್ಕೆ ಟ್ಯಾಂಕ್‌ಗಳ ಮೀಟರ್ ಕಾಲ ಬಳಿ ನೆಲದಲ್ಲಿದೆ. ಹಿಂದಿನದರ ಮೀಟರ್ ಎಡಭುಜದ ಹಿಂದೆ. ಕತ್ತು ಪೂರ್ತಿ ಹೊರಳಿಸದೆ ಕಾಣುವುದಿಲ್ಲ. ಆ ನೋಟಕ್ಕೊಂದು ಬಟನ್ ಈಗಲೇ ಮೀಸಲಿಡಿ.